ಕುಟ್ಟದಲ್ಲಿ ಒಂದು ಎಚ್ಚರದ ರಾತ್ರಿ

ಕಳೆದ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಮಗಳ ಮನೆಯಿಂದ ಪೀಣ್ಯಕ್ಕೆ ಹಿಂದಿರುಗಿದ ಮೂರನೆಯ ದಿನವೇ ಕೊಡಗಿನ ಕುಟ್ಟಕ್ಕೆ ಹೊರಟದ್ದು ವಿವೇಕದ ಕೆಲಸವಾಗಿರಲಿಲ್ಲ. ಬ್ರಹ್ಮಗಿರಿಯನ್ನು ನನ್ನೊಡನೆ ಹತ್ತಬೇಕೆಂಬುದು ಮಗನ ಆಸೆ. ಅವನಿಗೆ ದೊರೆತಿದ್ದದ್ದು ಎರಡೇ ದಿನಗಳ ರಜೆ.

ಕುಟ್ಟ ಗಡಿಯ ಸಣ್ಣ ಪೇಟೆ. ಒಂದು ದಾರಿ ಕೇರಳದ ತೋಲ್ಪೆಟ್ಟಿಗೆ ಹೋಗುತ್ತದೆ. ಇನ್ನೊಂದು ನಾಗರಹೊಳೆಯ ಕಾಡನ್ನು ಹೊಗುತ್ತದೆ. ಕಾಡಿನ ದಾರಿಯಲ್ಲಿ ರಾತ್ರಿ ವಾಹನಗಳಿಗೆ ಎಡೆಯಿಲ್ಲ. ಅಂಗಡಿಗಳ ಮುಂದೆ ಕನ್ನಡ, ಮಲಯಾಳ, ಕೊಡವ ತಕ್ಕ್ ಮೂರೂ ಕೇಳಿಸಿದವು. ಕತ್ತಲಾದ ಮೇಲೆ ಮಾತೂ ಇಲ್ಲ. ಕಣದಲ್ಲಿ ಹರಡಿದ ಕಾಫಿ ಹಣ್ಣಿನ ವಾಸನೆ ಮಾತ್ರ.

ಸಂಜೆ ಆರಕ್ಕೇ ನಿದ್ದೆಹೋದವನಿಗೆ ರಾತ್ರಿ ಎರಡಕ್ಕೆ ಎಚ್ಚರವಾಯಿತು. ಮಗಳ ಊರಿನಲ್ಲಿ ಆಗ ಹಿಂದಿನ ದಿನದ ಮಧ್ಯಾಹ್ನ ಹನ್ನೆರಡೂವರೆ. ಹೊಟ್ಟೆ ಊಟ ಬೇಡುತ್ತಿತ್ತು! ದೇಹ ದಿನಕ್ಕೆ ಸುಮಾರು ಒಂದು ಗಂಟೆಯಷ್ಟೇ ಹೊಂದಿಕೊಳ್ಳುತ್ತದಂತೆ. ಜೀವಕೋಶದೊಳಗಿನ ಈ ಗಡಿಯಾರದ ಕೀಲುಗಳನ್ನು ಹಣ್ಣಿನ ನೊಣದಲ್ಲಿ ಬಿಡಿಸಿ ತೋರಿಸಿದ ಹಾಲ್, ರಾಸ್‌ಬಾಶ್, ಯಂಗ್ ಎಂಬ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಬಂತು. ಪೀಣ್ಯದಲ್ಲಿ ಇಪ್ಪತ್ತೆರಡು ವರ್ಷ ಲೇತಿನ ಮುಂದೆ ಪಾಳಿ ಮಾಡಿದ ನನಗೆ ಆ ಗಡಿಯಾರ ಅಪರಿಚಿತವಲ್ಲ. ಅದನ್ನು ಕುರಿತು ಓದಿರಲಿಲ್ಲ, ಅಷ್ಟೆ.

ಜಗಲಿಗೆ ಬಂದರೆ ಮಗ ಕುಳಿತಿದ್ದ. ಅವನು ವಿಮಾನ ಹತ್ತಿದವನಲ್ಲ. ಆರು ವರ್ಷಗಳಿಂದ ಎಲೆಕ್ಟ್ರಾನಿಕ್ ಸಿಟಿಯಲ್ಲಿ, ಅಮೆರಿಕದ ಹಗಲಿಗೆ ಸರಿಯಾಗಿ, ನಮ್ಮ ರಾತ್ರಿಯಲ್ಲಿ ದುಡಿಯುವವನು.

“ನಿದ್ದೆ ಬರಲಿಲ್ಲವೇನೋ?” ಎಂದೆ.

“ಇದು ನನ್ನ ಊಟದ ಹೊತ್ತು, ಅಪ್ಪಾ.”

ಇಬ್ಬರೂ ನಕ್ಕೆವು. ಕೇಳುಗರೇ, ಒಂದೇ ಸೂರಿನಡಿ ಇದ್ದೂ ನಾವಿಬ್ಬರೂ ಒಂದೇ ಹೊತ್ತಿನಲ್ಲಿ ನಿರಾಳವಾಗಿ ಎಚ್ಚರವಿದ್ದು ಎಷ್ಟೋ ಕಾಲವಾಗಿತ್ತು.

ಸ್ವಲ್ಪ ಹೊತ್ತಿನ ಮೇಲೆ ಅವನೆಂದ: “ನೀವು ಮೂರನೇ ಪಾಳಿ ಮುಗಿಸಿ ಮಲಗಿದಾಗ ಸದ್ದಾಗಬಾರದೆಂದು ಅಮ್ಮ ನನ್ನನ್ನು ಓಣಿಗೆ ಕಳಿಸುತ್ತಿದ್ದಳು. ಮಳೆ ಬಂದರೆ ಪಕ್ಕದ ಮನೆಯ ಮೆಟ್ಟಿಲ ಮೇಲೆ ಕೂರುತ್ತಿದ್ದೆ.” ದೂರುವ ದನಿಯಲ್ಲ ಅದು. ಆದರೂ ನನಗೆ ಉತ್ತರ ಹೊಳೆಯಲಿಲ್ಲ. ಸೊಸೆಗೆ ಆಗ ಐದು ತಿಂಗಳು. ಹಗಲಿನ ಕೆಲಸವೊಂದು ಸಿಗುವಂತಿದೆ, ಸಂಬಳ ಕಡಿಮೆ, ಏನು ಮಾಡಲೆಂದು ಕೇಳಿದ. ಸಾಲದ ಲೆಕ್ಕ ಹಾಕಿದೆವು, ಬೆಳಗಾಗುವವರೆಗೂ ಹಾಕಿದೆವು. “ತೆಗೆದುಕೋ” ಎಂದೆ ಕೊನೆಗೆ.

ಅರಣ್ಯ ಇಲಾಖೆಯ ಅನುಮತಿಯೊಂದಿಗೆ, ಇರ್ಪುವಿನಿಂದ ಮಾರ್ಗದರ್ಶಿಯೊಡನೆ ಹತ್ತತೊಡಗಿದೆವು. 1608 ಮೀಟರಿನ ಶಿಖರವನ್ನು ನಾನು ಕಾಣಲಿಲ್ಲ. ನರಿಮಲೆಯ ಅರಣ್ಯ ಬಿಡಾರದಲ್ಲಿ, ಹನ್ನೊಂದರ ಬಿಸಿಲಿನಲ್ಲಿ, ನಿದ್ದೆ ನನ್ನನ್ನು ಕೆಡವಿಬಿಟ್ಟಿತು. ಇಳಿದು ಬಂದ ಮಗ ನಾನಾಗಿಯೇ ಏಳುವವರೆಗೂ ಸದ್ದು ಮಾಡದೆ ಪಕ್ಕದಲ್ಲಿ ಕುಳಿತಿದ್ದನಂತೆ.