ಬಿಟ್ಟುಕೊಡುವ ಬಂಧ, ಬಿಡದ ಬಂಧ



ಸಂಘದ ಹುಟ್ಟುಹಬ್ಬದಂದು ವೈದ್ಯರನ್ನು ಮಾತಿಗೆ ಕರೆದರೆ ಸಕ್ಕರೆ ಕಾಯಿಲೆ, ಕೊಲೆಸ್ಟರಾಲ್ ಎಂದು ಊಟದ ರುಚಿ ಕೆಡಿಸುತ್ತೇವೆಂಬ ಭಯ ನಿಮಗಿರಬಹುದು. ಇಂದು ಹೋಳಿಗೆಯ ತಂಟೆಗೆ ನಾವು ಬರುವುದಿಲ್ಲ. ಹೈಸ್ಕೂಲಿನಲ್ಲಿ ಓದಿ ಮರೆತ ರಾಸಾಯನಿಕ ಬಂಧಗಳ ಬಗ್ಗೆ ನಾಲ್ಕು ಮಾತು ಹೇಳುತ್ತೇವೆ.

2021ರ ಫೆಬ್ರವರಿ ನೆನಪಿದೆಯಲ್ಲವೇ? 15ರ ನಸುಕಿನಲ್ಲಿ ವಿದ್ಯುತ್ ಕಡಿತ ಆರಂಭವಾಯಿತು. ಮರುದಿನ ಡ್ಯಾಲಸ್‌ನಲ್ಲಿ ಉಷ್ಣಾಂಶ ಸೊನ್ನೆಗಿಂತ 19 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯಿತು. ಟೆಕ್ಸಾಸಿನಲ್ಲಿ 40 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳು ಕತ್ತಲಲ್ಲಿ ಮುಳುಗಿದವು. ಎಲ್ಲೆಲ್ಲೂ ನೀರಿನ ಕೊಳವೆಗಳು ಒಡೆದವು.

ಏಕೆ ಒಡೆದವು? ನೀರಿನ ಅಣುವಿನೊಳಗೆ ಆಮ್ಲಜನಕವನ್ನೂ ಜಲಜನಕವನ್ನೂ ಕಟ್ಟಿರುವುದು ಗಟ್ಟಿ ಬಂಧ. ಒಂದು ಅಣುವಿಗೂ ಪಕ್ಕದ ಅಣುವಿಗೂ ನಡುವೆ ಇರುವುದು ಸಡಿಲವಾದ ಜಲಜನಕ ಬಂಧ. ಅದರ ಬಲ ಮೊದಲನೆಯದರ ಸುಮಾರು 20ನೇ ಒಂದು ಪಾಲು. ನೀರು ದ್ರವವಾಗಿರುವಾಗ ಈ ಬಂಧಗಳು ಕ್ಷಣಕ್ಷಣವೂ ಬಿಚ್ಚಿ ಕೂಡುತ್ತವೆ, ಮದುವೆಮನೆಯಲ್ಲಿ ಒಬ್ಬರನ್ನೊಬ್ಬರು ಮಾತಾಡಿಸುತ್ತ ಓಡಾಡುವ ನೆಂಟರ ಹಾಗೆ. ಹೆಪ್ಪುಗಟ್ಟಿದಾಗ ಪ್ರತಿ ಅಣುವೂ ನಾಲ್ಕು ಅಣುಗಳ ಕೈ ಹಿಡಿದು ತೋಳು ಚಾಚಿ ನಿಲ್ಲುತ್ತದೆ. ನಡುವೆ ಖಾಲಿ ಜಾಗ ಉಳಿದು ಗಾತ್ರ ನೂರಕ್ಕೆ 9ರಷ್ಟು ಹಿಗ್ಗುತ್ತದೆ. ಆ ಒತ್ತಡಕ್ಕೆ ತಾಮ್ರದ ಕೊಳವೆಯೂ ಸೀಳುತ್ತದೆ.

ಒಡೆದ ಕೊಳವೆಗೆ ಪ್ಲಂಬರ್ ಇದ್ದಾನೆ. ನಾವು ಹೇಳಬೇಕಾದದ್ದು ಇನ್ನೊಂದು ಬಂಧದ ಮಾತು.

ಆ ಚಳಿಯಲ್ಲಿ ಕೆಲವರು ಇದ್ದಿಲಿನ ಗ್ರಿಲ್ ಅನ್ನು ಮನೆಯೊಳಗೆ ತಂದರು. ಕೆಲವರು ಗರಾಜಿನಲ್ಲಿ ಕಾರು ಚಾಲೂ ಮಾಡಿ ಬೆಚ್ಚಗೆ ಕುಳಿತರು. ಬಾಣಂತಿಯ ಕೋಣೆಯಲ್ಲಿ ಕೆಂಡ ಇಡುವುದನ್ನು ಕಂಡು ಬೆಳೆದ ನಮಗೆ ಇದು ವಿಚಿತ್ರವೆನಿಸದು. ಆದರೆ ಹಂಚಿನ ಸಂದಿಯಲ್ಲಿ ಗಾಳಿಯಾಡುವ ಮನೆಯಲ್ಲೂ ಅದು ಅಪಾಯವೇ. ಬಿಗಿಯಾಗಿ ಮುಚ್ಚಿದ ಇಲ್ಲಿನ ಮನೆಯಲ್ಲಿ ಪ್ರಾಣಾಂತಿಕ. ಕೆಂಡ ಹೊಗೆಯಾಡದಿದ್ದರೂ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ.

ನಮ್ಮ ರಕ್ತದ ಹಿಮೋಗ್ಲೋಬಿನ್ನಿನಲ್ಲಿರುವ ಕಬ್ಬಿಣ ಆಮ್ಲಜನಕವನ್ನು ಸಡಿಲವಾಗಿ ಹಿಡಿಯುತ್ತದೆ. ಆ ಸಡಿಲಿನಲ್ಲೇ ನಮ್ಮ ಜೀವವಿದೆ. ಶ್ವಾಸಕೋಶದಲ್ಲಿ ಹಿಡಿದದ್ದನ್ನು ಮೆದುಳಿಗೆ ಬಿಟ್ಟುಕೊಡಬೇಕಲ್ಲ! ಕಾರ್ಬನ್ ಮಾನಾಕ್ಸೈಡ್ ಅದೇ ಕಬ್ಬಿಣಕ್ಕೆ 200 ಪಟ್ಟಿಗೂ ಮಿಗಿಲಾದ ಒಲವಿನಿಂದ ಅಂಟಿಕೊಳ್ಳುತ್ತದೆ. ಅಷ್ಟೇ ಅಲ್ಲ, ಉಳಿದ ಆಮ್ಲಜನಕವೂ ಸುಲಭವಾಗಿ ಬಿಡುಗಡೆಯಾಗದಂತೆ ಮಾಡುತ್ತದೆ.

ಆ ಹಿಮಗಾಳಿಯಲ್ಲಿ ರಾಜ್ಯದ ಲೆಕ್ಕದಂತೆ 246 ಮಂದಿ ಸತ್ತರು. ಬಹುಪಾಲು ಸಾವು ಚಳಿಯಿಂದ; ಆದರೆ ಈ ಅನಿಲಕ್ಕೆ ಬಲಿಯಾದವರೂ ಇದ್ದರು. 2024ರ ಜುಲೈನಲ್ಲಿ ಬೆರಿಲ್ ಚಂಡಮಾರುತ ಬಂದಾಗ ಹ್ಯೂಸ್ಟನ್ ಸುತ್ತ ಜನರೇಟರುಗಳಿಂದ ಅದೇ ಅಪಾಯ ಮರುಕಳಿಸಿತು.

ತಲೆನೋವು, ತಲೆಸುತ್ತು, ವಾಕರಿಕೆ ಇದರ ಲಕ್ಷಣಗಳು. ಫ್ಲೂ ಎಂದುಕೊಂಡು ಮಲಗುವವರೇ ಹೆಚ್ಚು. ಮನೆಮಂದಿಗೆಲ್ಲ ಒಟ್ಟಿಗೆ ಹೀಗಾದರೆ ಸಂಶಯಪಡಿ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರನ್ನು ನಂಬಬೇಡಿ. ಅದಕ್ಕೆ ಎರಡು ಅನಿಲಗಳ ಭೇದ ತಿಳಿಯದೆ, ಎಲ್ಲ ಸರಿಯಿದೆ ಎಂದೇ ತೋರಿಸುತ್ತದೆ.

ಸಮಾಧಾನದ ಸಂಗತಿಯೆಂದರೆ ಈ ಬಂಧವೂ ಬಿಡುತ್ತದೆ. ಬರಿಯ ಗಾಳಿಯಲ್ಲಿ ಅರ್ಧದಷ್ಟು ಬಿಡಲು ನಾಲ್ಕೈದು ಗಂಟೆ. ಮುಖವಾಡದ ಮೂಲಕ ಶುದ್ಧ ಆಮ್ಲಜನಕ ಕೊಟ್ಟರೆ ಸುಮಾರು ಒಂದೂವರೆ ಗಂಟೆ. ಆದ್ದರಿಂದ ಮೊದಲು ಹೊರಗೆ ಬನ್ನಿ, ಆಮೇಲೆ 911.

ಜನರೇಟರ್ ಮನೆಯಿಂದ 20 ಅಡಿಗೂ ದೂರವಿರಲಿ. ಬಾಗಿಲು ತೆರೆದಿದ್ದರೂ ಗರಾಜಿನಲ್ಲಿ ಕಾರು ಓಡಿಸಿಕೊಂಡು ಕೂರಬೇಡಿ. ಮಲಗುವ ಕೋಣೆಗಳ ಹತ್ತಿರ ಅಲಾರಂ ಇರಲಿ. ಊರಿನಿಂದ ಬಂದಿರುವ ಅಪ್ಪ ಅಮ್ಮನಿಗೆ ಕನ್ನಡದಲ್ಲೇ ತಿಳಿಸಿ: ಅದು ಕಿರುಚಿದರೆ ಬ್ಯಾಟರಿ ತೆಗೆಯಬಾರದು, ಮನೆಯಿಂದ ಹೊರಗೆ ಹೋಗಬೇಕು.

ಬಂಧು ಎಂಬ ಪದ ಹುಟ್ಟಿದ್ದೇ ಬಂಧದಿಂದ. ಮುಂದಿನ ಸಲ ದೀಪ ಆರಿದಾಗ, ನಿಮ್ಮ ಬೀದಿಯಲ್ಲಿ ವಯಸ್ಸಾದವರಿರುವ ಮನೆಗೆ ಒಂದು ಫೋನ್ ಮಾಡಿ. ಸಂಘ ಇರುವುದು ಅದಕ್ಕಾಗಿಯೂ ಹೌದು.