ಡ್ರೆಸ್ಸಿಂಗ್ ರೂಮಿನಾಚೆ ಗಾಯದ ಪಾಡು



ಬೆಂಗಳೂರಿನ ಈ ದಂಡು ಪ್ರದೇಶದಲ್ಲಿ ನಿಂತು ಶುಶ್ರೂಷೆಯ ಮಾತಾಡುವವರು ಹಲಸೂರು ಕೆರೆಯನ್ನು ನೆನೆಯದೆ ಇರುವುದು ಕಷ್ಟ. ಫ್ಲಾರೆನ್ಸ್ ನೈಟಿಂಗೇಲ್ ಭಾರತಕ್ಕೆ ಒಮ್ಮೆಯೂ ಬಂದವರಲ್ಲ. ಆದರೆ ಇಲ್ಲಿನ ಸೇನಾ ನೆಲೆಗಳಿಂದ ತರಿಸಿಕೊಂಡ ವರದಿಗಳನ್ನು ಓದಿ 1863ರಲ್ಲಿ ಅವರು ಪ್ರಕಟಿಸಿದ ಟಿಪ್ಪಣಿಗಳಲ್ಲಿ ಈ ಕೆರೆಯ ಹೆಸರು ಹಿಡಿದೇ ಬೈದಿದ್ದಾರೆ. ಬಜಾರಿನ ಕೊಳಚೆ, ಕುದುರೆಪಡೆಯ ಕೊಳಚೆ ಎಲ್ಲವೂ ಹರಿದು ಸೇರುವ ನೀರನ್ನೇ ಜನ ಕುಡಿಯುತ್ತಿದ್ದಾರೆ ಎಂಬುದು ಅವರ ಆಕ್ಷೇಪ. ಅದೇ ದಶಕದಲ್ಲಿ ಬೌರಿಂಗ್ ಆಸ್ಪತ್ರೆ ಎದ್ದಾಗ ಅದಕ್ಕೆ ಮಾದರಿಯಾದದ್ದು ಪ್ಯಾರಿಸ್ಸಿನ ಲಾರಿಬ್ವಾಸಿಯೇರ್ ಆಸ್ಪತ್ರೆ. ಗಾಳಿ ಬೆಳಕು ಧಾರಾಳವಾಗಿ ಆಡುವ ಆ ವಿನ್ಯಾಸವನ್ನು ನೈಟಿಂಗೇಲ್ ಮೆಚ್ಚಿಕೊಂಡಿದ್ದರು. ರೋಗಿಯನ್ನು ನೋಡುವ ಮೊದಲು ಅವನು ಕುಡಿಯುವ ನೀರು, ಮಲಗುವ ಕೋಣೆ ಎಂಥದು ಎಂದು ವಿಚಾರಿಸುವ ಅಭ್ಯಾಸ ನಮ್ಮ ವೃತ್ತಿಗೆ ಹುಟ್ಟಿನಿಂದಲೇ ಬಂದದ್ದು. ನಡುವೆ ಎಲ್ಲೋ ನಾವು ಟ್ರೇ, ಫೋರ್ಸೆಪ್ಸ್, ಗಾಜ್‌ಗಳಲ್ಲಿ ಕಳೆದುಹೋದೆವು.

ಲೆಕ್ಕ ಹಾಕಿ ನೋಡಿ. ಡ್ರೆಸ್ಸಿಂಗ್‌ಗೆ ಹದಿನೈದು ನಿಮಿಷ. ಎರಡು ದಿನಕ್ಕೊಮ್ಮೆ ಬರುವ ರೋಗಿಯ ಗಾಯ ಮಿಕ್ಕ ನಲವತ್ತೇಳು ಮುಕ್ಕಾಲು ಗಂಟೆ ಅವನ ಮನೆಯಲ್ಲಿ, ಆಟೋದಲ್ಲಿ, ರಸೆಲ್ ಮಾರ್ಕೆಟ್ಟಿನ ಒದ್ದೆ ನೆಲದ ಮೇಲೆ ಇರುತ್ತದೆ. ಆ ಹೊತ್ತಿನಲ್ಲಿ ಅದಕ್ಕೆ ನರ್ಸ್ ಯಾರು? ರೋಗಿ, ಇಲ್ಲವೇ ಅವನ ಮನೆಯ ಹೆಂಗಸು. ಅವರಿಗೆ ಹೇಳಿಕೊಡುವ ಕೆಲಸವನ್ನು ಪುರುಸೊತ್ತಿದ್ದರೆ ಮಾಡುವ ಉಪಕಾರ ಎಂದು ಬಗೆದಿದ್ದೇವೆ. ಅದು ಚಿಕಿತ್ಸೆಯೇ. ಔಷಧಿ ಕೊಟ್ಟದ್ದನ್ನು ಬರೆದಿಡುವಂತೆ ಅದನ್ನೂ ಬರೆದಿಡಬೇಕು, ಅದಕ್ಕೂ ಪಾಳಿಯಲ್ಲಿ ಸಮಯ ಕೊಡಬೇಕು ಎಂಬುದು ಈ ವಿಚಾರಸಂಕಿರಣದ ಮುಂದೆ ನಾನಿಡುವ ಆಶಯ.

ಹೇಳಿಕೊಡಲು ಹೊರಡುವ ಮೊದಲು ನಾವು ಮರೆಯಬೇಕಾದ್ದೂ ಇದೆ. ಹಾಸಿಗೆ ಹಿಡಿದವರ ಬ್ಯಾಕ್ ಕೇರ್ ಎಂದರೆ ಸ್ಪಿರಿಟ್, ಪೌಡರ್, ಚೆನ್ನಾಗಿ ತಿಕ್ಕುವುದು ಎಂದು ನಮ್ಮ ತಲೆಮಾರು ಕಲಿಯಿತು. ಮೂಳೆ ಉಬ್ಬಿದ ಕಡೆ ಚರ್ಮ ಕೆಂಪಾಗಿದ್ದರೆ ತಿಕ್ಕಲೇಬಾರದು ಎಂದು ಈಗ ಗೊತ್ತು. ಒಳಗೆ ನಲುಗಿದ ಅಂಗಾಂಶ ಇನ್ನಷ್ಟು ನಲುಗುತ್ತದೆ. ಮೆಡಿಕಲ್ ಸ್ಟೋರಿನಲ್ಲಿ ಈಗಲೂ ಮಾರುವ ಗಾಳಿ ತುಂಬಿದ ರಬ್ಬರ್ ರಿಂಗ್ ಕೂಡ ಬೇಡ. ಅದು ಸುತ್ತಲಿನ ಚರ್ಮವನ್ನು ಒತ್ತಿ ರಕ್ತ ಸಂಚಾರಕ್ಕೆ ಅಡ್ಡ ಬರುತ್ತದೆ. ಬೇಕಾದದ್ದು ಮಗ್ಗುಲು ಬದಲಿಸುವುದು, ಅದನ್ನು ಮಗಳೋ ಸೊಸೆಯೋ ಒಬ್ಬಳೇ ಮಾಡುವ ಉಪಾಯ. ಹಳೆಯ ಹತ್ತಿ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಭುಜದಿಂದ ತೊಡೆಯವರೆಗೆ ಅಡಿಗೆ ಹಾಸಿ, ಆಚೆ ಬದಿಯ ಅಂಚು ಹಿಡಿದು ತನ್ನತ್ತ ಹೊರಳಿಸಿ, ಬೆನ್ನಿಗೆ ದಿಂಬು ಒತ್ತಿದರೆ ಅಜ್ಜಿ ಅರ್ಧ ವಾಲಿ ನಿಲ್ಲುತ್ತಾರೆ. ದರದರ ಎಳೆಯುವ ಹಾಗಿಲ್ಲ, ಚರ್ಮ ಸುಲಿಯುತ್ತದೆ. ಇದನ್ನು ವಾರ್ಡಿನಲ್ಲಿ ಆ ಮಗಳ ಕೈಯಲ್ಲೇ ಮಾಡಿಸಿ ಕಳಿಸಿ. ಬಾಯಲ್ಲಿ ಹೇಳಿದರೆ ಬರುವುದಿಲ್ಲ.

“ಗಾಯಕ್ಕೆ ಗಾಳಿ ಆಡಲಿ, ಒಣಗಲಿ” ಎನ್ನುವವರು ರೋಗಿಗಳಷ್ಟೇ ಅಲ್ಲ, ನಮ್ಮಲ್ಲೂ ಇದ್ದಾರೆ. ಸಂಶೋಧಕ ಜಾರ್ಜ್ ವಿಂಟರ್ 1962ರಲ್ಲೇ ಹಂದಿಗಳ ಚರ್ಮದ ಮೇಲೆ ಪ್ರಯೋಗ ಮಾಡಿ, ತೆಳು ಹಾಳೆ ಮುಚ್ಚಿ ತೇವ ಉಳಿಸಿದ ಗಾಯಕ್ಕೆ ಹೊಸ ಚರ್ಮ ಸುಮಾರು ಎರಡು ಪಟ್ಟು ಬೇಗ ಬರುತ್ತದೆಂದು ತೋರಿಸಿದರು. ಕೆಂಪಗೆ ಚಿಗುರುತ್ತಿರುವ ಗಾಯದ ಮೇಲೆ ಹೈಡ್ರೋಜನ್ ಪೆರಾಕ್ಸೈಡ್ ಸುರಿದು ನೊರೆ ಬಂದದ್ದಕ್ಕೆ ಖುಷಿಪಡುವುದನ್ನೂ ಬಿಡೋಣ. ಅಲ್ಲಿ ಸಾಯುವುದು ಹೊಸ ಜೀವಕೋಶಗಳೂ ಹೌದು.

ಇನ್ನು ಊಟ. ಆಪರೇಷನ್ ಆಗಿದೆ ಎಂದ ಕೂಡಲೇ ನಮ್ಮ ಮನೆಗಳಲ್ಲಿ ಪಥ್ಯ ಶುರು. ಮೊಟ್ಟೆ ನಂಜು, ಮೀನು ನಂಜು, ಬದನೆಕಾಯಿ ನಂಜು, ಕುಂಬಳ ನಂಜು. ಕೊನೆಗೆ ತಟ್ಟೆಯಲ್ಲಿ ಉಳಿಯುವುದು ಗಂಜಿ, ಬ್ರೆಡ್ಡು, ತಿಳಿಸಾರು. ಹಾಸಿಗೆ ಹುಣ್ಣಾಗಿ ಸೊರಗಿದವರಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 1.25ರಿಂದ 1.5 ಗ್ರಾಂ ಪ್ರೋಟೀನ್ ಬೇಕೆನ್ನುತ್ತವೆ ಮಾರ್ಗಸೂಚಿಗಳು. ಅಂದರೆ 60 ಕಿಲೋ ತೂಕದವರಿಗೆ 75ರಿಂದ 90 ಗ್ರಾಂ. ಒಂದು ಮೊಟ್ಟೆಯಲ್ಲಿರುವುದು ಆರು ಗ್ರಾಂ. ಗಂಜಿಯಿಂದ ಇದು ತುಂಬುವ ಮಾತಲ್ಲ. ಹಾಗೆಂದು ಮನೆಯ ಅಜ್ಜಿಯ ನಂಬಿಕೆಯನ್ನು ಗೇಲಿ ಮಾಡಿದರೆ ಸೊಸೆ ನಮ್ಮೆದುರು ತಲೆಯಾಡಿಸಿ ಮನೆಯಲ್ಲಿ ಅಜ್ಜಿಯ ಮಾತನ್ನೇ ನಡೆಸುತ್ತಾಳೆ. ಅವಳು ಬಾಳಬೇಕಾದದ್ದು ಅಲ್ಲಿ. ಬದನೆಕಾಯಿ ಬಿಟ್ಟುಕೊಡಿ, ನಷ್ಟವೇನಿಲ್ಲ. ಮೊಟ್ಟೆ ಉಳಿಸಿಕೊಳ್ಳಿ. ಮೊಟ್ಟೆ ತಿನ್ನದ ಮನೆಯಾದರೆ ಹೆಸರುಕಾಳು, ಕಡಲೆ, ಮೊಸರು, ಪನೀರ್. ಮೂತ್ರಪಿಂಡದ ತೊಂದರೆ ಇದ್ದವರ ಲೆಕ್ಕ ಬೇರೆ, ಅದನ್ನು ವೈದ್ಯರೊಂದಿಗೆ ಮಾತಾಡಿಯೇ ಹೇಳಬೇಕು.

ಸಕ್ಕರೆ ಕಾಯಿಲೆಯ ಪಾದದ ವಿಷಯದಲ್ಲಿ ನಮಗೆ ದಾರಿ ತೋರಿಸಿದ್ದು ಪಕ್ಕದ ವೆಲ್ಲೂರು. ಅಲ್ಲಿ ಡಾ. ಪಾಲ್ ಬ್ರಾಂಡ್ ಕುಷ್ಠರೋಗಿಗಳ ಪಾದಗಳನ್ನು ವರ್ಷಗಟ್ಟಲೆ ಗಮನಿಸಿ, ಪಾದವನ್ನು ತಿನ್ನುತ್ತಿರುವುದು ರೋಗಾಣುವಿಗಿಂತ ಹೆಚ್ಚಾಗಿ ನೋವು ಗೊತ್ತಾಗದೆ ಒಂದೇ ಜಾಗದ ಮೇಲೆ ಬೀಳುವ ಭಾರ ಎಂದು ಕಂಡುಕೊಂಡರು. ಪ್ಲಾಸ್ಟರ್ ಹಾಕಿ ಭಾರ ಹಂಚಿದಾಗ ಹಳೆಯ ಹುಣ್ಣುಗಳು ಮಾಗಿದವು. ಮಧುಮೇಹದ ಪಾದಕ್ಕೂ ಇದೇ ನ್ಯಾಯ. ಆದರೆ “ಕಾಲು ಊರಬೇಡಿ, ರೆಸ್ಟ್ ತಗೊಳ್ಳಿ” ಎಂದು ಪೌರಕಾರ್ಮಿಕ ಮಹಿಳೆಗೆ ಹೇಳುವುದು ಸಂಬಳ ಬಿಡಿ ಎಂದಂತೆ. ಅವಳ ಚಪ್ಪಲಿಯನ್ನು ಕೈಗೆತ್ತಿಕೊಂಡು ಒಳಗೆ ಬೆರಳಾಡಿಸಿ, ಮೊಳೆ ತಲೆ ಎತ್ತಿದೆಯೇ ನೋಡಿ. ಮೆತ್ತನೆಯ ಎಂಸಿಆರ್ (ಮೈಕ್ರೋಸೆಲ್ಯುಲರ್ ರಬ್ಬರ್) ಅಟ್ಟೆ, ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿ ಎಲ್ಲಿ ಸಿಗುತ್ತದೆ ಎಂದು ತಿಳಿಸಿ. ಕೂತು ಮಾಡುವ ಕೆಲಸ ಒಂದಿಷ್ಟು ದಿನ ಸಿಗುವಂತೆ ಮೇಸ್ತ್ರಿಗೆ ಚೀಟಿ ಬರೆಸಿಕೊಡಿ. ಚಪ್ಪಲಿಯನ್ನೇ ಕಳಚಿಡುವ ಹರಕೆಯ ದಿನಗಳೂ ಇವೆ. ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾದ ಹಬ್ಬ ಸೆಪ್ಟೆಂಬರ್ 8ಕ್ಕೆ. ಕಾವಿ ಉಟ್ಟು ಬರಿಗಾಲಲ್ಲಿ ನಡೆದು ಬರುವವರಲ್ಲಿ ಪಾದ ಮರಗಟ್ಟಿದವರೂ ಇರುತ್ತಾರೆ. ಹರಕೆಯ ಮಾತನ್ನು ನಾವೇ ಆಗಸ್ಟ್ ತಿಂಗಳಲ್ಲೇ ಎತ್ತಬೇಕು. ಚಪ್ಪಲಿ ಹಾಕಿಕೊಂಡು ನಡೆದರೂ ಹರಕೆ ಸಲ್ಲುತ್ತದೆಯೇ ಎಂದು ಪಾದ್ರಿಯವರನ್ನು ಕೇಳಿಕೊಂಡು ಬರಲು ಹೇಳಿ. ಆ ಉತ್ತರ ಕೊಡುವ ಅಧಿಕಾರ ನಮ್ಮದಲ್ಲ, ಕೇಳಲು ಕಳಿಸುವುದು ನಮ್ಮ ಕೆಲಸ.

ಭಾಷೆಯ ಮಾತು. ಶಿವಾಜಿನಗರದ ಹೊರರೋಗಿ ಸಾಲಿನಲ್ಲಿ ದಖನಿ, ತಮಿಳು, ಕನ್ನಡ, ತೆಲುಗು ಒಟ್ಟಿಗೆ ಕೇಳುತ್ತವೆ. ಕೆ.ಆರ್. ಪುರದ ಕಡೆ ಕಟ್ಟಡ ಕೆಲಸಕ್ಕೆ ಬಂದವರ ಹಿಂದಿ, ಬಂಗಾಳಿ. ನರ್ಸ್ ಕೇರಳದವರೋ ಮಣಿಪುರದವರೋ ಇರಬಹುದು. ಡಿಸ್ಚಾರ್ಜ್ ಚೀಟಿ ಮಾತ್ರ ಇಂಗ್ಲಿಷಿನಲ್ಲಿ! ನಾವು “ಅರ್ಥ ಆಯ್ತಾ?” ಎನ್ನುತ್ತೇವೆ, ಅವರು “ಆಯ್ತು ಸಿಸ್ಟರ್” ಎನ್ನುತ್ತಾರೆ. ಹಿಂದೆ ಇಪ್ಪತ್ತು ಜನ ನಿಂತಿರುವಾಗ ಬೇರೇನು ಹೇಳಿಯಾರು? ಪ್ರಶ್ನೆ ಬದಲಿಸೋಣ: “ನಾಳೆ ಈ ಪಟ್ಟಿ ಒದ್ದೆಯಾದರೆ ಏನು ಮಾಡ್ತೀರ? ಯಾವ ವಾಸನೆ ಬಂದರೆ, ಎಲ್ಲಿವರೆಗೆ ಕೆಂಪಾದರೆ ಓಡಿ ಬರ್ತೀರ?” ಉತ್ತರ ತಡವರಿಸಿದರೆ ಮತ್ತೊಮ್ಮೆ ಹೇಳಬೇಕಾದವರು ನಾವು.

ಮಧ್ಯಾಹ್ನದ ಗೋಷ್ಠಿಗೆ ಒಂದು ಕೋರಿಕೆ. ನಿಮ್ಮ ನಿಮ್ಮ ಆಸ್ಪತ್ರೆಯ ಖಾಲಿ ಡಿಸ್ಚಾರ್ಜ್ ನಮೂನೆ ತಂದಿದ್ದೀರಿ. ಅದರಲ್ಲಿ ರೋಗಿ ತನ್ನ ಮಾತಿನಲ್ಲಿ ತಿರುಗಿ ಹೇಳಿದ್ದನ್ನು ಬರೆಯಲು ಎರಡು ಸಾಲಿನ ಜಾಗ ಎಲ್ಲಿ ಮಾಡಬಹುದು ಎಂದು ಗುರುತು ಹಾಕಿ ಸಂಚಾಲಕರಿಗೆ ಕೊಡಿ. ಮೇಲಧಿಕಾರಿಗಳ ಮುಂದೆ ಇಡುವ ಮನವಿಗೆ ಆ ಹಾಳೆಗಳನ್ನೇ ಲಗತ್ತಿಸೋಣ.