ಹಳ್ಳಿಗೂ ಕಾವೇರಿ: ನೀರು ಬಂದಿದೆ, ನಲ್ಲಿ ಎಲ್ಲಿ?

(ಬೆಂಗಳೂರಿನ ತಿಲಕ್ ನಗರದ ಸಾರ್ವಜನಿಕ ಸಭೆಯಲ್ಲಿ ಮಾಡಿದ ಭಾಷಣ)



ತಿಲಕ್ ನಗರದಲ್ಲಿ ನಿಂತು ಹಳ್ಳಿಯ ನೀರಿನ ಮಾತೇಕೆ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ನಮ್ಮ ಸುತ್ತಲ ಹೆಸರುಗಳನ್ನು ನೋಡಿ: ಬೈರಸಂದ್ರ, ಗುರಪ್ಪನಪಾಳ್ಯ, ತಾವರೆಕೆರೆ. ಇವು ಬಡಾವಣೆಯ ಹೆಸರುಗಳಲ್ಲ, ಹಳ್ಳಿಯ ಹೆಸರುಗಳು. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿದ್ದಾಗ ಇವು ಊರಾಚೆಯ ಹೊಲ, ಕೆರೆ, ಪಾಳ್ಯ. ಇಲ್ಲಿಗೆ ಕೊಳಾಯಿ ಬಂದದ್ದು ತಡವಾಗಿ, ಆದರೂ ಬಂತು. ಇನ್ನೊಂದು ಮಾತು. ಇಲ್ಲಿ ಬಾಡಿಗೆ ಕಟ್ಟಲಾರದೆ ಹೊರಟುಹೋದ ನಮ್ಮ ಮಕ್ಕಳು, ತಂಗಿಯರು ಈಗ ಎಲ್ಲಿದ್ದಾರೆ? ಗೊಟ್ಟಿಗೆರೆಯಲ್ಲಿದ್ದಾರೆ, ತಲಘಟ್ಟಪುರದಲ್ಲಿದ್ದಾರೆ, ವರ್ತೂರಿನ ಕಡೆ ಇದ್ದಾರೆ. ಬಿನ್ನಿ, ಮಿನರ್ವ ಮಿಲ್ಲುಗಳ ಕೂಗು ನಿಂತುಹೋಯಿತು. ಈಗಿನ ಕಾರ್ಮಿಕಳು ಗಾರ್ಮೆಂಟ್ಸ್ ಕಾರ್ಖಾನೆಯಿಂದ ಮನೆಗೆ ಬಂದು ಮೊದಲು ನೋಡುವುದು ಡ್ರಮ್ಮಿನಲ್ಲಿ ನೀರು ಎಷ್ಟಿದೆ ಎಂದು.

2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ ಸುತ್ತಲ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ನಗರಕ್ಕೆ ಸೇರಿಸಿದರು. ಸೇರಿಸುವುದು ಸುಲಭದ ಕೆಲಸ, ಒಂದು ಅಧಿಸೂಚನೆ ಸಾಕು. ತೆರಿಗೆಯ ರಶೀದಿ ಬಂತು, ಸೈಟಿನ ಬೆಲೆ ಏರಿತು, ಕೆರೆಯಂಗಳದಲ್ಲಿ ಕಟ್ಟಡ ಎದ್ದಿತು. ಕೆಲವು ಹಳ್ಳಿಗಳಿಗೆ ನಡುವೆ ಅಷ್ಟಿಷ್ಟು ನೀರು ಸಿಕ್ಕಿತು. ಬಹುಪಾಲು ಹಳ್ಳಿಗಳು ಕಾವೇರಿ ಐದನೇ ಹಂತಕ್ಕೆ ಕಾದು ಕುಳಿತವು. ಅದು ಉದ್ಘಾಟನೆಯಾದದ್ದು 2024ರ ಅಕ್ಟೋಬರ್ 16ರಂದು. ಲೆಕ್ಕ ಹಾಕಿ, 17 ವರ್ಷ. ಆ ವರ್ಷ ಹುಟ್ಟಿದ ಮಗು ಕಾಲೇಜಿಗೆ ಹೋಗುವ ವಯಸ್ಸು.

ಆ ಕೆಲಸ ಸಣ್ಣದೆಂದು ನಾನು ಹೇಳುವುದಿಲ್ಲ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ನೀರನ್ನು ಪಂಪು ಮಾಡಿ ತರಬೇಕು. 1974ರ ಮೊದಲನೇ ಹಂತದಲ್ಲಿ ದಿನಕ್ಕೆ ಬಂದದ್ದು 13 ಕೋಟಿ 50 ಲಕ್ಷ ಲೀಟರ್. ಐದನೇ ಹಂತ ಒಂದರದೇ ಸಾಮರ್ಥ್ಯ ದಿನಕ್ಕೆ 77 ಕೋಟಿ 50 ಲಕ್ಷ ಲೀಟರ್. ಹೆಸರಘಟ್ಟದಿಂದ ನೀರು ತಂದ 1890ರ ದಶಕದವರು ಇದನ್ನು ಕೇಳಿದ್ದರೆ ನಂಬುತ್ತಿರಲಿಲ್ಲ. ಇಂಜಿನಿಯರುಗಳಿಗೂ ಕೊಳವೆ ಹೂಳಿದ ಕೂಲಿಗಳಿಗೂ ನಮಸ್ಕಾರ.

ಆದರೆ ನೀರು ಬಂದ ಮೇಲೆ ಒಂದು ವಿಚಿತ್ರ ನಡೆಯಿತು. ಬೀದಿಯಲ್ಲಿ ಕೊಳವೆ ಇದೆ, ಮನೆಯಲ್ಲಿ ನಲ್ಲಿ ಇಲ್ಲ. ಸಂಪರ್ಕಕ್ಕೆ ಅರ್ಜಿ ಹಾಕಿರೆಂದು ಜಲಮಂಡಳಿಯೇ ಜನರನ್ನು ಕರೆಯಬೇಕಾಯಿತು. ಬಾಯಾರಿದವನು ನೀರನ್ನು ಬೇಡವೆನ್ನುವನೆ? ಅವನನ್ನು ತಡೆದದ್ದು ಹಣ ಮತ್ತು ಕಾಗದ.

ಹಣದ ಮಾತು ಮೊದಲು. 2024ರ ಮಾರ್ಚಿಯ ಬರದಲ್ಲಿ ನಗರದ ಸುಮಾರು 14,000 ಸರ್ಕಾರಿ ಕೊಳವೆ ಬಾವಿಗಳಲ್ಲಿ 6,900 ಬತ್ತಿವೆಯೆಂದು ಸರ್ಕಾರವೇ ಹೇಳಿತು. ಟ್ಯಾಂಕರಿಗೆ ಜಿಲ್ಲಾಡಳಿತ ದರ ಕಟ್ಟಿತು: ಐದು ಕಿಲೋಮೀಟರಿನೊಳಗೆ 6,000 ಲೀಟರಿಗೆ 600 ರೂಪಾಯಿ. ಎಂದರೆ ಸಾವಿರ ಲೀಟರಿಗೆ 100 ರೂಪಾಯಿ. ಅದೇ ತಿಂಗಳು, ನಲ್ಲಿ ಇದ್ದವರಿಗೆ 2014ರ ದರಪಟ್ಟಿಯಂತೆ ಮೊದಲ 8,000 ಲೀಟರಿನವರೆಗೆ ಸಾವಿರ ಲೀಟರಿಗೆ 7 ರೂಪಾಯಿ. ಎಂಟು ಸಾವಿರ ಲೀಟರ್ ಬಳಸುವ ಸಂಸಾರಕ್ಕೆ ಇಲ್ಲಿ ನೀರಿನ ಬೆಲೆ 56 ರೂಪಾಯಿ, ಅಲ್ಲಿ 800. ಅದೂ ಸರ್ಕಾರ ಕಟ್ಟಿದ ದರದಲ್ಲಿ; ಕಟ್ಟುವುದಕ್ಕೆ ಮುಂಚೆ ಎಷ್ಟು ಏರಿತ್ತೆಂಬುದು ಕೊಂಡವರಿಗೇ ಗೊತ್ತು. 2025ರ ಏಪ್ರಿಲಿನಲ್ಲಿ ಮಂಡಳಿಯ ದರ ಸ್ವಲ್ಪ ಏರಿದೆ. ಏರಿದರೂ ಟ್ಯಾಂಕರಿನ ಹತ್ತಿರಕ್ಕೂ ಹೋಗಿಲ್ಲ. ಬಡವನಿಗೆ ನೀರು ಅಗ್ಗವಾಗಿ ಕೊಟ್ಟರೆ ಮಂಡಳಿ ಮುಳುಗುತ್ತದೆ ಎನ್ನುವವರು ಈ ಲೆಕ್ಕವನ್ನು ಒಮ್ಮೆ ಬರೆದು ನೋಡಬೇಕು: ಬಡವನು ಆಗಲೇ ಹದಿನಾಲ್ಕು ಪಟ್ಟು ಕೊಡುತ್ತಿದ್ದ, ಅದು ಮಂಡಳಿಗೆ ಸೇರುತ್ತಿರಲಿಲ್ಲ, ಅಷ್ಟೆ.

ಹಾಗಾದರೆ ಅವನೇಕೆ ನಲ್ಲಿ ಹಾಕಿಸಲಿಲ್ಲ? ತಿಂಗಳ ಬಿಲ್ಲಿಗೆ ಅವನು ಹೆದರುವುದಿಲ್ಲ. ಹೆದರುವುದು ಹೊಸಿಲಿನ ಹಣಕ್ಕೆ. ವಂತಿಗೆ, ಪ್ರೊರೇಟಾ, ಮೀಟರು, ರಸ್ತೆ ಅಗೆತ, ಪ್ಲಂಬರನ ಕೂಲಿ, ಎಲ್ಲವೂ ಒಟ್ಟಿಗೆ. ಇದಕ್ಕೆ ಹಳೆಯ ಅನುಭವವೂ ಸೇರಿದೆ. 2005ರ ಸುಮಾರಿಗೆ ಸುತ್ತಲ ನಗರಸಭೆಗಳಿಗೆ ನೀರು ಕೊಡುವ ಯೋಜನೆಯಲ್ಲಿ ಸೈಟಿನ ಅಳತೆ ನೋಡಿ ಮುಂಗಡ ವಂತಿಗೆ ಕಟ್ಟಿಸಿಕೊಂಡರು. ಮಾರುಕಟ್ಟೆಯಲ್ಲಿ 100 ಕೋಟಿ ರೂಪಾಯಿಯ ಬಾಂಡು ಮಾರಿದರು. ಆ ಕಡೆಗೆ ನೀರು ಒದಗಿಸಬೇಕಾದ ನಾಲ್ಕನೇ ಹಂತದ ಎರಡನೇ ಘಟ್ಟ ಮುಗಿದದ್ದು 2012ರಲ್ಲಿ. ಮೊದಲು ಹಣ, ಆಮೇಲೆ ವರ್ಷಗಟ್ಟಲೆ ಖಾಲಿ ಕೊಳವೆ. ಅದನ್ನು ಕಂಡ ಜನ ಮತ್ತೆ ಜೇಬಿಗೆ ಕೈ ಹಾಕಲು ಹಿಂಜರಿದರೆ ಅದು ಅಜ್ಞಾನವಲ್ಲ.

ಐದನೇ ಹಂತಕ್ಕೆ ಜಪಾನಿನ ಜೈಕಾ ಸಂಸ್ಥೆಯಿಂದ ಸಾಲ ತಂದರು. ತಪ್ಪಿಲ್ಲ. ಆದರೆ ಸರ್ಕಾರ ತನ್ನ ಸಾಲ ತೀರಿಸುವುದಕ್ಕೆ ದಶಕಗಳ ವಾಯಿದೆ ಪಡೆಯುತ್ತದೆ. ಹೊಲಿಗೆ ಯಂತ್ರದ ಮುಂದೆ ದಿನವಿಡೀ ಕೂರುವವಳಿಗೆ ಒಂದೇ ಗಂಟಿನಲ್ಲಿ ಕಟ್ಟು ಎನ್ನುತ್ತದೆ. ಜನ ಗೊಣಗಿದ ಮೇಲೆ 2025ರಲ್ಲಿ ‘ಸರಳ ಕಾವೇರಿ’ ಎಂಬ ಹೆಸರಿನಲ್ಲಿ ಒಂದು ಪಾಲು ಮೊದಲು ಕಟ್ಟಿ ಉಳಿದದ್ದನ್ನು ಕಂತಿನಲ್ಲಿ ಕಟ್ಟುವ ಅವಕಾಶ ಬಂತು. ಒಳ್ಳೆಯದು. ಮಾಡಬಹುದಾಗಿತ್ತೆಂದು ಮಾಡಿದ ಮೇಲೆ ಗೊತ್ತಾಯಿತು! ಆದರೆ ಹನ್ನೆರಡು ತಿಂಗಳ ಕಂತು ಸಾಲದು. ಸಣ್ಣ ಮನೆಗಳಿಗೆ ಹೊಸಿಲಿನ ಹಣವನ್ನು ತೆಗೆದುಹಾಕಿ, ಅದನ್ನು ಐದಾರು ವರ್ಷದ ಬಿಲ್ಲಿನಲ್ಲಿ ಹರಡಲಿ ಎಂಬುದು ನಮ್ಮ ಬೇಡಿಕೆ.

ಇನ್ನು ಕಾಗದ. ಹಳ್ಳಿಯ ಗ್ರಾಮಠಾಣದ ಮನೆಗೆ, ಕಂದಾಯ ನಿವೇಶನದ ಮನೆಗೆ ನಕ್ಷೆ ಎಲ್ಲಿ, ಖಾತೆ ಯಾವುದು ಎಂಬ ಪ್ರಶ್ನೆ. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಅನಧಿಕೃತ ಕಟ್ಟಡಗಳ ಮೊಕದ್ದಮೆಯಲ್ಲಿ, ಸ್ವಾಧೀನ ಪತ್ರವಿಲ್ಲದೆ ನೀರು, ವಿದ್ಯುತ್ ಸಂಪರ್ಕ ಕೊಡಕೂಡದೆಂದಿತು. ಕೆರೆ ನುಂಗಿ ಮಹಡಿ ಮೇಲೆ ಮಹಡಿ ಕಟ್ಟಿದವನಿಗೆ ಆ ಮಾತು ತಕ್ಕದ್ದೇ. ಆದರೆ ಅದರ ಪೆಟ್ಟು ಬಿದ್ದದ್ದು ಎರಡು ಕೋಣೆ ಕಟ್ಟಿಕೊಂಡವನ ಮೇಲೂ. 2025ರ ಅಕ್ಟೋಬರಿನಲ್ಲಿ ರಾಜ್ಯ ಸರ್ಕಾರ 1,200 ಚದರಡಿಯವರೆಗಿನ ನಿವೇಶನದ ಮನೆಗಳಿಗೆ ವಿನಾಯಿತಿ ಕೊಟ್ಟಿತು. ಇದನ್ನು ನಿಮ್ಮ ನೆಂಟರಿಗೆ ತಿಳಿಸಿ. ತಿಳಿಯದೆ ಸುಮ್ಮನೆ ಕುಳಿತವರು ಬಹಳ.

ಕಾಗದದ ವಿಷಯದಲ್ಲಿ ಒಂದು ಚರಿತ್ರೆ ಇದೆ. 2007ರಲ್ಲಿ ಕಾವೇರಿ ನ್ಯಾಯಮಂಡಳಿ ತನ್ನ ತೀರ್ಪಿನಲ್ಲಿ ಬೆಂಗಳೂರಿಗೆ ಕುಡಿಯುವ ನೀರಿನ ಲೆಕ್ಕ ಹಾಕಿದಾಗ, ನಗರದ ಮೂರರಲ್ಲಿ ಒಂದು ಪಾಲು ಮಾತ್ರ ಕಾವೇರಿ ಕೊಳ್ಳದಲ್ಲಿದೆ, ಅದರಲ್ಲೂ ಅರ್ಧವನ್ನು ಅಂತರ್ಜಲದಿಂದ ನೀಗಿಸಿಕೊಳ್ಳಲಿ ಎಂದಿತು. ಕರ್ನಾಟಕ ಒಪ್ಪಲಿಲ್ಲ. ಕೊಳ್ಳದ ಗೆರೆ ನೋಡಿ ಬಾಯಾರಿಕೆಯಾಗುವುದೆ? 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟು ಕುಡಿಯುವ ನೀರಿಗೆ ಎಲ್ಲಕ್ಕಿಂತ ಮೊದಲ ಸ್ಥಾನವೆಂದು ಒಪ್ಪಿ, ಬೆಂಗಳೂರಿಗಾಗಿ 4.75 ಟಿಎಂಸಿ ಹೆಚ್ಚು ಕೊಟ್ಟಿತು. ಆ ದಿನ ಊರೆಲ್ಲ ಸಿಹಿ ಹಂಚಿದವರೇ ಈಗ ವರ್ತೂರಿನ ಬಡವನ ಎದುರು ಖಾತೆಯ ಗೆರೆ ಎಳೆಯುವುದು ಯಾವ ನ್ಯಾಯ? ದೆಹಲಿಯಲ್ಲಿ ನಾವು ಹೂಡಿದ ವಾದ ಬೆಂಗಳೂರಿನ ಅಂಚಿಗೂ ಅನ್ವಯಿಸಬೇಕು. ನಕ್ಷೆಯ ತಪ್ಪಿಗೆ ದಂಡ ಹಾಕಿ, ನೀರು ನಿಲ್ಲಿಸಬೇಡಿ.

ನಗರದ ಗಡಿಯಾಚೆ ಇನ್ನೂ ಒಂದು ಗೆರೆ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಘೋಷಿಸಿದ ಜಲಜೀವನ ಯೋಜನೆಯಲ್ಲಿ ಹಳ್ಳಿಯವನಿಗೆ ದಿನಕ್ಕೆ 55 ಲೀಟರ್. ಒಳಚರಂಡಿಯುಳ್ಳ ನಗರದವನಿಗೆ ಅಳತೆ 135 ಲೀಟರ್. ಹಳ್ಳಿಯವನು ಸ್ನಾನ ಕಡಿಮೆ ಮಾಡುತ್ತಾನೆಂದೋ? ಎಮ್ಮೆ, ಹಸು ಇರುವುದು ಅವನ ಮನೆಯಲ್ಲೇ. 1980ರ ದಶಕದಲ್ಲಿ ಅಬ್ದುಲ್ ನಜೀರ್ ಸಾಬರು ಊರೂರಿಗೆ ಕೊಳವೆ ಬಾವಿ ತೋಡಿಸಿ ‘ನೀರ್ ಸಾಬ್’ ಎನಿಸಿಕೊಂಡರು. ಮಂತ್ರಿಗೆ ಜನ ಇಟ್ಟ ಹೆಸರುಗಳಲ್ಲಿ ಅಷ್ಟು ಒಳ್ಳೆಯ ಹೆಸರು ನನಗೆ ಇನ್ನೊಂದು ಗೊತ್ತಿಲ್ಲ. ಅಮೆರಿಕದ ಮಿಲ್ವಾಕಿ ನಗರವನ್ನು ಆಳಿದ ಸಮಾಜವಾದಿಗಳನ್ನೂ ಅವರ ಪಕ್ಷದವರೇ ‘ಚರಂಡಿ ಸಮಾಜವಾದಿಗಳು’ ಎಂದು ಹಂಗಿಸಿದ್ದರು. ಅವರು ಕೊಳವೆ ಹಾಕುವುದನ್ನು ಬಿಡಲಿಲ್ಲ.

ಕೊನೆಗೆ ಬಾಡಿಗೆಯವರ ವಿಷಯ, ಇದೇ ನಿಜವಾದ ತೊಡಕು. ಅರ್ಜಿ ಹಾಕುವ ಅಧಿಕಾರ ಮನೆಯ ಯಜಮಾನನದು, ಟ್ಯಾಂಕರಿಗೆ ಹಣ ಕೊಡುವವನು ಬಾಡಿಗೆಯವನು. ಯಜಮಾನನಿಗೆ ಅವಸರವೇನಿದೆ? ಒಂದೊಂದು ವಠಾರದವರು ಸೇರಿ, ಕಂತಿನಲ್ಲಿ ತಮ್ಮ ಪಾಲೆಷ್ಟು, ಆಮೇಲೆ ಬಾಡಿಗೆ ಏರಿಸಕೂಡದು ಎಂಬುದನ್ನು ಮಾತಾಡಿ ಬರೆಸಿಕೊಂಡು ಅವನ ಕೈಯಲ್ಲಿ ಅರ್ಜಿ ಹಾಕಿಸಬೇಕು. ಟ್ಯಾಂಕರಿನ ರಶೀದಿ ಕೊಡುವುದಿಲ್ಲ. ಆದರೂ ದಿನ, ಲೀಟರು, ಕೊಟ್ಟ ಹಣ, ಮೂರನ್ನೂ ಮಕ್ಕಳ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮೂರು ತಿಂಗಳ ಲೆಕ್ಕ ಕೂಡಿದರೆ ಅದನ್ನು ಹಿಡಿದು ಎಲ್ಲರೂ ಒಟ್ಟಿಗೆ ಜಲಮಂಡಳಿಯ ಉಪವಿಭಾಗದ ಕಚೇರಿಗೆ ಹೋಗೋಣ. ಬರುವ ಭಾನುವಾರ ಗೊಟ್ಟಿಗೆರೆಯ ಕಡೆಯವರು ಇಲ್ಲಿಗೇ ಬರುತ್ತಾರೆ. ನಿಮ್ಮ ನೆಂಟರ ವಿಳಾಸ ತನ್ನಿ.